ಎರಡು ಕೊಡಲಿ, ಒಂದು ಕೋಳಿ

ಓಕ್ ಮರ ಉರುಳಿ ಬಿದ್ದಾಗ ನೆಲವೇ ಅದುರಿತು. ಆ ಸದ್ದಿಗೆ ಊರಿನ ಮನೆಗಳ ಬಾಗಿಲುಗಳು ದಡಬಡನೆ ಮುಚ್ಚಿಕೊಂಡವು. ರಾದೊಸಾವ್ ಕೊಡಲಿ ಊರಿ ನಿಂತು ಏದುಸಿರಿನಲ್ಲೇ ನಕ್ಕ. "ನೋಡಣ್ಣ, ಸಿಡಿಲೂ ಬೀಳ್ಲಿಲ್ಲ, ಭೂಮೀನೂ ಬಾಯಿ ಬಿಡ್ಲಿಲ್ಲ. ಇಷ್ಟಕ್ಕೇನಾ ಊರೆಲ್ಲ ಹೆದರಿ ಸಾಯ್ತಿದ್ದದ್ದು?"

ಅಣ್ಣ ವುಕೊಮಾನ್ ನಗಲಿಲ್ಲ. ಬಿರುಗಾಳಿಗೆ ಸೀಳಿದ ಮರ ಅವನ ಮಕ್ಕಳು ಮಲಗುವ ಕೋಣೆಯ ಮೇಲೇ ವಾಲಿತ್ತು, ಕಡಿಯದೆ ವಿಧಿಯಿರಲಿಲ್ಲ. ಆದರೆ ಅದು ಅಂತಿಂಥ ಮರವಲ್ಲ. ಪಾದ್ರಿಗಳು ವರ್ಷವರ್ಷವೂ ಕಾಂಡದ ಮೇಲೆ ಶಿಲುಬೆ ಕೆತ್ತುತ್ತಿದ್ದ ಮರ. ಅದರ ತುದಿ ದೇವರ ಅಂಗಳದಲ್ಲಿ, ಬೇರು ಸತ್ತವರ ಲೋಕದಲ್ಲಿ ಎಂದು ಸರ್ಬಿಯಾದ ಆ ಬೆಟ್ಟದೂರಿನವರ ನಂಬಿಕೆ. ಕಡಿದರೆ ಕೆಳಗಿನ ಬಾಗಿಲು ತೆರೆದುಕೊಳ್ಳುತ್ತದೆ, ಕಡಿದವನನ್ನು ಒಳಗೆಳೆದುಕೊಂಡೇ ಮುಚ್ಚುತ್ತದೆ. ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ. ಮರ ಕಡಿದ ಕೊಡಲಿಯಿಂದಲೇ, ಹೊತ್ತು ಮುಳುಗುವ ಮೊದಲು, ಸ್ವಂತ ಮನೆಯ ಕೋಳಿಯೊಂದನ್ನು ಬುಡದ ಮೇಲಿಟ್ಟು ಕಡಿಯಬೇಕು. ಒಂದು ತಲೆಗೆ ಒಂದು ಕೋಳಿ. ಇಲ್ಲಿ ಕಡಿದವರು ಇಬ್ಬರು.

ಕೋಳಿ ತರಲು ಹೋಗಿದ್ದ ತಾಯಿ ಸ್ತಾನೊಯ್ಕಾ ಮನೆ ಹಿಂದಿನ ಏರು ಹತ್ತಿ ಬಂದಳು. ಅವಳ ಕಂಕುಳಲ್ಲಿ ಒಂದು ಕೋಳಿಯಿತ್ತು.

"ಇನ್ನೊಂದೆಲ್ಲವ್ವ?" ಎಂದ ವುಕೊಮಾನ್.

"ಎಲ್ಲರೂ ಇಲ್ಲೇ ಇದ್ವಲ್ಲೋ, ಗೂಡಿಗೆ ನರಿ ನುಗ್ಗಿದೆ. ಬರೀ ಪುಕ್ಕ ಬಿದ್ದಿದೆ. ಇದೊಂದು ಸೂರು ಹತ್ತಿ ಕೂತಿತ್ತು."

ಮೂವರೂ ಕೋಳಿಯನ್ನೇ ನೋಡಿದರು. ಸೂರ್ಯ ಬೆಟ್ಟದ ಅಂಚಿಗೆ ಬಂದಿದ್ದ. ತಾಯಿ ಕೋಳಿಯನ್ನು ಯಾರ ಕಡೆಗೂ ಚಾಚದೆ ಎದೆಗವಚಿಕೊಂಡು ನಿಂತೇ ಇದ್ದಳು. ಅವಳ ಸಂಕಟ ನೋಡಲಾರದೆ ರಾದೊಸಾವ್ ಬಾಯಿ ಬಿಟ್ಟ.

"ಅಣ್ಣಂಗೇ ಕೊಡವ್ವ. ಮಕ್ಕಳೊಂದಿಗ. ನಂಗೇನು, ಹೆಂಡ್ತಿಯೇ ಮಕ್ಕಳೇ? ಈ ಕಟ್ಟುಕಥೆಗೆಲ್ಲ ನಾನು ಹೆದರೋನೂ ಅಲ್ಲ."

'ಬೇಡ ಕಣೋ' ಎಂದು ಅವ್ವ ಒಂದು ಸಲವಾದರೂ ಅಂದಾಳೆಂದು ಕಾದ. ಅವಳು ಅನ್ನಲಿಲ್ಲ. ಕೋಳಿ ಅಣ್ಣನ ಕೈ ಸೇರಿತು, ಕೊಡಲಿ ಎದ್ದು ಬಿತ್ತು. ವುಕೊಮಾನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತಮ್ಮನ ಮುಖ ನೋಡದೆ ಸರಸರ ಇಳಿದು ಹೋದ. ಅವ್ವನೂ ಅವನ ಹಿಂದೆಯೇ ಹೋದಳು.

ರಾದೊಸಾವ್ ಒಬ್ಬನೇ ಉಳಿದ. ಬುಡದ ಮೇಲಿನ ರಕ್ತ ಹನಿಹನಿಯಾಗಿ ಬೇರಿನ ಸಂದಿಗೆ ಇಳಿಯುತ್ತಿತ್ತು. ಎಲ್ಲ ಸುಳ್ಳು ಎಂದು ಗಟ್ಟಿಯಾಗಿ ಹೇಳಿಕೊಳ್ಳಲು ಹೋದ. ಅಷ್ಟರಲ್ಲಿ ಕಣ್ಣು ಮತ್ತೆ ಆ ಸಂದಿಯ ಕಡೆಗೇ ಹೋಯಿತು. ಸೂರ್ಯ ಮುಳುಗಿದ. ಕಾಲಡಿಯ ನೆಲ ತಣ್ಣಗೆ ಕೊರೆಯತೊಡಗಿತು. ಹುಟ್ಟಿದ ಮೇಲೆ ಇಂಥ ಭಯ ಅವನಿಗೆ ಆಗಿರಲಿಲ್ಲ. ಕೊಡಲಿಯನ್ನು ಅಲ್ಲೇ ಎಸೆದು, ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ.

ಅವ್ವ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ ತೆರೆದಿತ್ತು. ಅವನ ಮದುವೆಗೆಂದು ಎತ್ತಿಟ್ಟಿದ್ದ ಕಸೂತಿಯ ಬಿಳಿ ಅಂಗಿ ಅವಳ ಮಡಿಲಲ್ಲಿತ್ತು. ಆ ಊರಿನಲ್ಲಿ ಮದುವೆಯಾಗದೆ ಸತ್ತವನನ್ನು ಮದುಮಗನ ಉಡುಪಿನಲ್ಲೇ ಮಣ್ಣು ಮಾಡುತ್ತಾರೆ.

"ಅದ್ಯಾಕವ್ವ ಈಗ?" ಅವನು ಅಂಗಿಯನ್ನೇ ನೋಡುತ್ತ ಕೇಳಿದ.

ಅವಳು ತಲೆ ಎತ್ತದೆ ಹಲ್ಲಿನಿಂದ ದಾರ ಕಡಿದಳು. "ಸುಮ್ನೆ ಕಣಪ್ಪ. ಬಾ, ಒಂದ್ಸಲ ಹಾಕ್ಕೊಂಡು ನೋಡು, ಅಳತೆ ಸರಿಯಾಗಿದ್ಯಾ ಅಂತ."