ವಾಲಿದ ನೆಲ್ಲಿಮರ

"ಈ ಮರದ ತಾವ ಇಂಗೆ ಗಾಳಿ ಬೀಸ್ತದೆ ಅಂತ ಇವ್ರಿಗೆ ತೋರಿಸ್ಕೊಟ್ಟೋರು ಯಾರು?"

ಗರಗಸ ಹಿಡಿದ ಇಬ್ಬರು ನೆಲ್ಲಿಮರದ ಬುಡಕ್ಕೆ ಬಂದು ನಿಂತಾಗ ಕೆಂಪಿ ಗಂಡನನ್ನು ಕೇಳಿದಳು. ಅವಳು ಕೊಂಬೆಯಿಂದ ಹಳೆಯ ಜೋಲಿಯ ಹಗ್ಗ ಬಿಚ್ಚುತ್ತಿದ್ದಳು. ಅವಳು ಸೌದೆಗೆ ಬಂದಾಗಲೆಲ್ಲ ಮೂರು ಮಕ್ಕಳೂ ಆ ಜೋಲಿಯಲ್ಲೇ ಮಲಗಿ ಬೆಳೆದಿದ್ದವು. ತೂಗುವ ಕೆಲಸವನ್ನು ಗಾಳಿಯೇ ಮಾಡುತ್ತಿತ್ತು.

"ನಂಗೇನ್ ಗೊತ್ತು? ಯಾರೋ ತೋರಿಸಿರ್ಬೇಕು, ಬುಡು," ಎಂದ ಮಾದ, ತಲೆಯ ಟವಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ.

ಹೋದ ಆಷಾಢದಲ್ಲಿ ಜಾಗ ಹುಡುಕಿಕೊಂಡು ಸರಗೂರಿಗೆ ಬಂದಿದ್ದ ಗಾಳಿಯಂತ್ರದ ಇಂಜಿನಿಯರನ್ನು ಈ ಗುಡ್ಡ ಹತ್ತಿಸಿದ್ದು ಅವನೇ. "ನೋಡಿ ಸ್ವಾಮಿ, ಗಾಳಿ ಒತ್ತೀ ಒತ್ತೀ ಮರವೇ ಒಂದು ಮಗ್ಗುಲಿಗೆ ವಾಲ್ಕಂಡದೆ," ಎಂದು ಎದೆಯುಬ್ಬಿಸಿ ತೋರಿಸಿದ್ದೂ ಅವನೇ. ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ, ರೆಕ್ಕೆ ಒಳಗಿನ ಜನರೇಟರನ್ನು ತಿರುಗಿಸುತ್ತದೆ, ಆಗ ಕರೆಂಟು ಹುಟ್ಟುತ್ತದೆ ಎಂದು ಇಂಜಿನಿಯರು ಖುಷಿಯಿಂದ ಬಿಡಿಸಿ ಹೇಳಿದ್ದರು. ಗಾಳಿ ಜೋರಾಗಿರುವ ಜಾಗವೇ ಯಂತ್ರಕ್ಕೂ ಬೇಕು, ಮರ ಅಡ್ಡವಾಗುತ್ತದೆ ಎನ್ನುವುದು ಮಾದನಿಗೆ ಆಗ ಹೊಳೆದಿರಲಿಲ್ಲ.

ಅಷ್ಟರಲ್ಲಿ ಇಂಜಿನಿಯರು ಏದುಸಿರು ಬಿಡುತ್ತ ಮೇಲೆ ಬಂದವರೇ ಮಾದನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಯಜಮಾನ್ರು ಈ ಮರ ತೋರಿಸದೇ ಇದ್ದಿದ್ರೆ ನಮಗೆ ಈ ಜಾಗ ಸಿಕ್ತಾನೇ ಇರಲಿಲ್ಲ ಕಣಮ್ಮಾ," ಎಂದರು ಕೆಂಪಿಗೆ.

ಕೆಂಪಿ ಬಿಚ್ಚಿದ ಹಗ್ಗವನ್ನು ಗಂಡನ ಅಂಗೈಯಲ್ಲಿಟ್ಟು ಗುಡ್ಡ ಇಳಿಯತೊಡಗಿದಳು.