ಹಿಸ್ಟರಿಗೆ ಬಿದ್ದ ಹೂ

ಇಲ್ಲ, ವಾಸನೆ ಬಂದಿರಲಿಕ್ಕಿಲ್ಲ; ಫೋನಿನೊಳಗಿಂದ ಹೂವಿನ ವಾಸನೆ ಹೇಗೆ ಬಂದೀತು? ಆದರೂ ಈಗ ಸೇವಂತಿಗೆ ಮೂಸಿದರೆ ಲಾಕ್‌ಡೌನಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ವಿದೇಶದಲ್ಲಿ, ಆಡಮ್ಸ್‌ಟೌನಿನ ನಮ್ಮ ಅಡುಗೆಮನೆಯಲ್ಲಿ, ಆಫೀಸಿನ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು, ಅಪ್ಪ ಫಿಸಿಕ್ಸ್ ತೆಗೆದುಕೋ ಎನ್ನುತ್ತಿದ್ದರು. ನನಗೆ ಹಿಸ್ಟರಿ ಬೇಕಿತ್ತು. ಮುಂದಿನ ತರಗತಿಗೆ ಯಾವ ವಿಷಯವೆಂದು ಸಂಜೆಯೊಳಗೆ ಶಾಲೆಗೆ ತಿಳಿಸಬೇಕಿತ್ತು.

ಮೈಸೂರಿನಿಂದ ವಿಡಿಯೊ ಕಾಲ್‌ನಲ್ಲಿದ್ದ ಅಜ್ಜಿ, "ದೇವರನ್ನೇ ಕೇಳೋಣ. ಬಲಕ್ಕೆ ಬಿದ್ರೆ ಹಿಸ್ಟರಿ," ಎಂದು ವಿಗ್ರಹದ ತಲೆಯ ಮೇಲೆ ಸೇವಂತಿಗೆ ಇಟ್ಟರು. ಕಾಯುತ್ತಿದ್ದಂತೆ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಹೂ ಕೆಳಗಿತ್ತು.

"ಎಡಕ್ಕೆ ಬಿತ್ತಲ್ಲಮ್ಮ!" ಅಪ್ಪ ಕುಣಿದರು.

"ದೇವರ ಬಲ ನೋಡೋ ಪೆದ್ದ, ನಿಂದಲ್ಲ."

"ಗ್ರ್ಯಾಂಡ್!" ಎಂದು ಇಲ್ಲಿಯವರಂತೆ ನಾನು ಖುಷಿಯಿಂದ ಕೂಗಿದೆ. ಅಪ್ಪ ನಗುತ್ತಲೇ ಒಪ್ಪಿದರು.

ಹೂ ತಾನಾಗಿ ಬಿತ್ತೋ, ಅಜ್ಜಿಯ ಬೆರಳು ತಾಗಿತೋ, ನನಗೆ ಗೊತ್ತಿಲ್ಲ.