ಹಿಂದೆ ಬಂದ ನೀರು

ನೀರು ಸರಬರಾಜಿನ ಇನ್‌ಸ್ಪೆಕ್ಟರಮ್ಮ ಬೀದಿಯ ವಾಲ್ವ್ ಬಂದ್ ಮಾಡಿ ಬಂದು, ತನ್ನ ಸೋದರಮಾವನ ಅಡುಗೆಮನೆಯ ನಲ್ಲಿಗೆ ಗಾಜಿನ ಲೋಟ ಹಿಡಿದಳು. ಮಹಡಿಯಲ್ಲಿ ಮಾವ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಯೊಳಗೆ, ತೆರೆದೇ ಇದ್ದ ನಲ್ಲಿಯ ರಬ್ಬರ್ ಪೈಪು ಮುಳುಗಿಕೊಂಡೇ ಇತ್ತು.

"ಮೂವತ್ತು ವರ್ಷದಿಂದ ಹೀಗೇ ಇದೆ ಕಣೇ. ಹೋದ ನೀರು ಎಲ್ಲಾದ್ರೂ ಹಿಂದೆ ಬರುತ್ತಾ?" ಮಾವ ನಕ್ಕರು.

"ಬರುತ್ತೆ ಮಾವ. ಬೀದೀಲಿ ನೀರು ನಿಂತ್ರೆ ಪೈಪು ತೊಟ್ಟಿ ನೀರನ್ನ ವಾಪಸ್ ಹೀರ್ಕೊಳ್ಳುತ್ತೆ. ಅದನ್ನ ತಡೆಯೋ ವಾಲ್ವ್ ಹಾಕ್ಸಿ ಅಂದ್ರೆ ನೀವು ಕೇಳಲ್ಲ. ನೋಡ್ತಿರಿ."

ನಲ್ಲಿ ತಿರುಗಿಸಿದಳು. ಮೊದಲು ತಿಳಿನೀರೇ ಬಂತು. ಮಾವನ ನಗು ಇನ್ನಷ್ಟು ಅಗಲವಾಯಿತು. ಅವಳು ಮಾತ್ರ ಲೋಟ ಹಿಡಿದ ಕೈಯನ್ನು ಕದಲಿಸಲಿಲ್ಲ. ನೋಡನೋಡುತ್ತಿದ್ದಂತೆ ಲೋಟದ ನೀರು ಕಡುನೀಲಿಯಾಯಿತು.

"ಪಕ್ಕದ ಮನೆ ಬಾಣಂತಿಗೂ ಇದೇ ಲೈನು, ಮಾವ."

ಮಾವನ ಮುಖ ಕಪ್ಪಿಟ್ಟಿತು. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ, ಪೈಪನ್ನು ತೊಟ್ಟಿಯಿಂದ ಎಳೆದುಹಾಕಿ, ಅಲ್ಲಿಂದಲೇ ಕೂಗಿದರು: "ಹಿಂದೆ ಬರೋ ನೀರು ತಡೆಯೋ ವಾಲ್ವ್ ಅಂದ್ಯಲ್ಲ, ಈಗ್ಲೇ ಹಾಕ್ಸೇ ತಾಯಿ!"